ಬಾಗಿಲು ಮುಚ್ಚಿದಾಗ ತೆರೆದ ಹಿತ್ತಲು

2020ನೇ ಇಸವಿಯ ಯುಗಾದಿ ಮಾರ್ಚ್ 25ರಂದು ಬಂದಿತು. ಹಿಂದಿನ ರಾತ್ರಿ 8 ಗಂಟೆಗೆ ಪ್ರಧಾನಮಂತ್ರಿಗಳು 21 ದಿನಗಳ ದೇಶವ್ಯಾಪಿ ಲಾಕ್‌ಡೌನ್ ಘೋಷಿಸಿದ್ದರು. ಬೇವು-ಬೆಲ್ಲದ ಆ ಬೆಳಗಿನಲ್ಲಿ ರಸ್ತೆಗೆ ಬಸ್ಸು ಇಳಿಯಲಿಲ್ಲ, ಸಂತೆ ನಿಂತುಹೋಯಿತು, ದೇವಸ್ಥಾನಗಳು ಭಕ್ತರಿಗೆ ಬಾಗಿಲು ಹಾಕಿದವು. ಏಪ್ರಿಲ್ 14ಕ್ಕೆ ಮುಗಿಯಬೇಕಿದ್ದ ನಿರ್ಬಂಧ ಮೇ 3ರವರೆಗೆ, ಮತ್ತೆ ಮೇ 17ರವರೆಗೆ, ಕೊನೆಗೆ ಮೇ 31ರವರೆಗೆ ಮುಂದುವರಿಯಿತು. ಒಟ್ಟು 68 ದಿನಗಳು. ಈ ಅವಧಿಯಲ್ಲಿ ಆಸ್ಪತ್ರೆಗಳು ಪಟ್ಟ ಬವಣೆ, ನೂರಾರು ಮೈಲಿ ನಡೆದು ಊರು ಸೇರಿದ ಕಾರ್ಮಿಕರ ಪಾಡು ಪತ್ರಿಕೆಗಳಲ್ಲಿ ದಾಖಲಾಗಿವೆ. ಮಲೆನಾಡಿನ ಮನೆಗಳೊಳಗೆ ಒಲೆ ಹೇಗೆ ಉರಿಯಿತು, ಬಟ್ಟಲಿಗೆ ಏನು ಬಿತ್ತು, ಆ ದಿನಗಳ ಭಾರವನ್ನು ಯಾರು ಹೊತ್ತರು ಎಂಬುದು ದಾಖಲಾದದ್ದು ಕಡಿಮೆ. ಆ ಲೆಕ್ಕವನ್ನು ಈಗಲಾದರೂ ತೆಗೆದು ನೋಡುವುದು ಅಗತ್ಯ. ಬೆಟ್ಟದ ಬದುಕಿನ ಬಲ ಮತ್ತು ದೌರ್ಬಲ್ಯ ಎರಡೂ ಅದರಲ್ಲಿವೆ.

ಸರ್ಕಾರದ ಆಜ್ಞೆ ಸರಳವಾಗಿತ್ತು: ಮನೆಯಲ್ಲೇ ಇರಿ. ಪಟ್ಟಣದ ಬಾಡಿಗೆ ಮನೆಯಲ್ಲಿ ಅದರ ಅರ್ಥ ಎರಡು ಕೋಣೆ ಮತ್ತು ಒಂದು ಕಿಟಕಿ. ಮಲೆನಾಡಿನಲ್ಲಿ ಮನೆ ಎಂಬ ಮಾತಿನ ವ್ಯಾಪ್ತಿ ಹಿರಿದು. ಜಗಲಿ, ಅಂಗಳ, ಕೊಟ್ಟಿಗೆ, ಬಚ್ಚಲು, ಬಾವಿ, ಹಿತ್ತಲು, ಅದರಾಚೆಗೆ ತೋಟ, ತೋಟದ ಮೇಲ್ಭಾಗದಲ್ಲಿ ಸೊಪ್ಪಿನಬೆಟ್ಟ, ಬೆಟ್ಟದಿಂದ ಇಳಿದು ಬರುವ ಅಬ್ಬಿ ನೀರು, ಇವಿಷ್ಟೂ ಸೇರಿದರೆ ಒಂದು ಮನೆ. ಆ 68 ದಿನ ಈ ಮನೆಗಳನ್ನು ನಡೆಸಿದ್ದು ಅಡಿಕೆಯ ಹಣಕ್ಕಿಂತ ಹೆಚ್ಚಾಗಿ ಹಿತ್ತಲು, ಬೆಟ್ಟ ಮತ್ತು ಅವೆರಡನ್ನೂ ಒಲೆಗೆ ಜೋಡಿಸುವ ಹೆಂಗಸರ ದುಡಿಮೆ. ದುರದೃಷ್ಟವೆಂದರೆ ಈ ಮೂರೂ ಯಾವ ಲೆಕ್ಕಪುಸ್ತಕದಲ್ಲೂ ಇಲ್ಲ. ಪಹಣಿಯಲ್ಲಿ ತೋಟ ಕಾಣುತ್ತದೆ, ಹಿತ್ತಲಿನ ಬಸಳೆ ಚಪ್ಪರ ಕಾಣುವುದಿಲ್ಲ. ಲೆಕ್ಕಕ್ಕೆ ಬಾರದ ಸಂಪತ್ತು ಕರಗಿದರೆ ಯಾರಿಗೂ ತಿಳಿಯುವುದಿಲ್ಲ. ಕರಗುತ್ತಿರುವುದು ಈಗ ಅದೇ.

ದಿನಕ್ಕಿಷ್ಟು ಕೊಡುವ ಬೇಸಾಯ

ಲಾಕ್‌ಡೌನ್ ಆರಂಭವಾದದ್ದು ಬೇಸಿಗೆಯ ನಡುವಿನಲ್ಲಿ. ಪೇಟೆಯ ತರಕಾರಿ ಗಾಡಿ ನಿಂತ ಮೊದಲ ವಾರದಲ್ಲೇ ಅಡುಗೆಮನೆಯ ದೃಷ್ಟಿ ಹಿಂಬಾಗಿಲಿನ ಕಡೆ ತಿರುಗಿತು. ಬಚ್ಚಲ ನೀರು ಹರಿಯುವಲ್ಲಿ ಬಸಳೆ, ಕೆಸು, ಒಂದೆಲಗ. ಬೇಲಿಯಲ್ಲಿ ನುಗ್ಗೆ, ತೊಂಡೆ, ಚಕ್ರಮುನಿ. ತುಳಸಿಕಟ್ಟೆಯ ಮಗ್ಗುಲಲ್ಲಿ ದೊಡ್ಡಪತ್ರೆ. ಮೂಲೆಯಲ್ಲಿ ಯಾರೂ ನೆಡದೆ ಹಕ್ಕಿ ಬಿತ್ತಿದ ಸೂಜಿಮೆಣಸು. ಬಾಳೆಯ ಕಾಯಿ, ದಿಂಡು, ಹೂವು ಮೂರೂ ಪದಾರ್ಥಕ್ಕಾದವು. ಎಳೆ ಹಲಸು ಪಲ್ಯವಾಯಿತು, ಬಲಿತದ್ದು ಹುಳಿಯಾಯಿತು, ಉಳಿದದ್ದು ಹಪ್ಪಳವಾಗಿ ಅಂಗಳದ ಚಾಪೆಯ ಮೇಲೆ ಒಣಗಿತು. ಅಟ್ಟದಲ್ಲಿ ಬಾಳೆನಾರಿನಿಂದ ಕಟ್ಟಿ ತೂಗುಹಾಕಿದ್ದ ಮೊಗೆಕಾಯಿ ಒಂದೊಂದಾಗಿ ಕೆಳಗಿಳಿಯಿತು. ಒಂದೆಲಗದ ತಂಬುಳಿ, ಮುರುಗಲು ಹಣ್ಣಿನ ಪಾನಕ, ಕಂಚಿ ಹುಳಿಯ ಗೊಜ್ಜು ಮೊದಲಾದವುಗಳನ್ನು ಹಳೆಯ ಕಾಲದವರ ಊಟವೆಂದು ಬದಿಗೆ ಸರಿಸಿದ್ದ ಮನೆಗಳಲ್ಲೂ ಅವು ಮರಳಿ ಬಂದವು.

ಇದು ಕೇವಲ ಹಳೆಯ ರುಚಿಯ ವಿಚಾರವಲ್ಲ. ಇದರ ಹಿಂದೆ ಒಂದು ಬೇಸಾಯ ಪದ್ಧತಿ ಇದೆ. ಮಾರುಕಟ್ಟೆಗಾಗಿ ಬೆಳೆಯುವ ಬೆಳೆ ಒಮ್ಮೆಲೇ ಕೊಯ್ಲಿಗೆ ಬರುತ್ತದೆ. ಆ ವಾರ ಲಾರಿ ಬಾರದಿದ್ದರೆ ವರ್ಷದ ಶ್ರಮ ಹೊಲದಲ್ಲೇ ಕೊಳೆಯುತ್ತದೆ. 2020ರ ಏಪ್ರಿಲ್‌ನಲ್ಲಿ ಬನವಾಸಿ, ಸೊರಬ ಭಾಗದ ಅನಾನಸ್ ಬೆಳೆಗಾರರು ಅನುಭವಿಸಿದ್ದು ಇದನ್ನೇ. ಉತ್ತರ ಭಾರತದ ಮಾರುಕಟ್ಟೆಯನ್ನು ನಂಬಿ ಬೆಳೆದ ಹಣ್ಣು ಹೊಲದಲ್ಲಿ ಹಳದಿಯಾಗಿ ನಿಂತಿತು. ಕೃಷಿ ಕೆಲಸ ಹಾಗೂ ಕೃಷಿ ಮಾರುಕಟ್ಟೆಗಳಿಗೆ ಕೇಂದ್ರ ಗೃಹ ಸಚಿವಾಲಯ ಮಾರ್ಚ್ 27ರಂದೇ ವಿನಾಯಿತಿ ನೀಡಿತ್ತು. ಆದರೆ ಕಾಗದದ ವಿನಾಯಿತಿಯಿಂದ ಲಾರಿ ಹೊರಡಲಿಲ್ಲ. ಚಾಲಕರು, ಹಮಾಲರು, ದೂರದ ಮಂಡಿಯ ಕೊಳ್ಳುಗರು ಯಾರೂ ಇರಲಿಲ್ಲ.

ಹಿತ್ತಲಿನ ರೀತಿ ಇದಕ್ಕೆ ವಿರುದ್ಧ. ಅಲ್ಲಿ ಒಂದೇ ಬೆಳೆ ರಾಶಿಯಾಗಿ ಬರುವುದಿಲ್ಲ. ಹಲವು ಬೆಳೆಗಳು ದಿನಕ್ಕಿಷ್ಟು ಕೊಡುತ್ತವೆ. ಎಲೆ ಚಿವುಟಿದಷ್ಟೂ ಚಿಗುರುತ್ತದೆ. ಗೆಡ್ಡೆ ನೆಲದೊಳಗೇ ಉಗ್ರಾಣದಂತೆ ಕಾದಿರುತ್ತದೆ. ಎತ್ತರದ ಹಲಸು, ನಡುವಿನ ಬಾಳೆ-ನುಗ್ಗೆ, ಕೆಳಗಿನ ಕೆಸು-ಶುಂಠಿ-ಅರಿಶಿನ ಹೀಗೆ ಬಿಸಿಲನ್ನು ಮೂರು ಅಂತಸ್ತಿನಲ್ಲಿ ಹಂಚಿಕೊಳ್ಳುವ ವ್ಯವಸ್ಥೆ ಅದು. ಬಚ್ಚಲ ನೀರೇ ನೀರಾವರಿ, ಒಲೆಯ ಬೂದಿ ಮತ್ತು ಕೊಟ್ಟಿಗೆಯ ಗೊಬ್ಬರವೇ ಪೋಷಣೆ. ಪೇಟೆಯ ಗೊಬ್ಬರದ ಅಂಗಡಿ ಮುಚ್ಚಿದರೂ ಈ ಬೇಸಾಯಕ್ಕೆ ಒಂದು ದಿನದ ಅಡಚಣೆಯೂ ಆಗಲಿಲ್ಲ. ಗೋಬರ್ ಗ್ಯಾಸ್ ಇದ್ದ ಮನೆಗಳಲ್ಲಿ ಸಿಲಿಂಡರ್ ಬರುವುದು ತಡವಾದರೂ ಒಲೆ ಆರಲಿಲ್ಲ. ಕೊಟ್ಟಿಗೆಯಲ್ಲಿ ಒಂದು ಹಸು ಉಳಿದಿದ್ದರೆ ಹಾಲು, ಮಜ್ಜಿಗೆ, ಗೊಬ್ಬರ, ಇಂಧನ ನಾಲ್ಕೂ ದೊರೆಯುತ್ತವೆ ಎಂಬ ಹಳೆಯ ಸತ್ಯ ಆಗ ಅನುಭವಕ್ಕೆ ಬಂದಿತು.

ಆ ಹಸುವಿನ ಹಿಂದೆ ಬೆಟ್ಟವಿದೆ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದಿದೆ. ಶಿವಮೊಗ್ಗದ ಕಾನು, ಕೊಡಗಿನ ಬಾಣೆ, ದಕ್ಷಿಣ ಕನ್ನಡದ ಕುಮ್ಕಿ ಇಂಥವೇ ಬೇರೆ ಬೇರೆ ವ್ಯವಸ್ಥೆಗಳು. ಹಟ್ಟಿಗೆ ಹಾಸುವ ದರಕು, ಒಲೆಗೆ ಕಟ್ಟಿಗೆ, ಹುಳಿಗೆ ಮುರುಗಲು, ಉಪ್ಪಿನಕಾಯಿಗೆ ಅಪ್ಪೆಮಿಡಿ ಎಲ್ಲವೂ ಅಲ್ಲಿಂದ ಬರಬೇಕು. ಆ ಬೇಸಿಗೆಯಲ್ಲಿ ಹೊಳೆ-ಹಳ್ಳಗಳ ದಡದ ಮಿಡಿಮಾವಿನ ಮರಗಳ ಕೆಳಗೆ ಜನ ಕಂಡರು. 2009ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಅಪ್ಪೆಮಿಡಿಗೆ ಕೊಳ್ಳುವವರಿಲ್ಲದ ಆ ವರ್ಷ ಹಲವು ಮನೆಗಳು ತಮ್ಮ ಭರಣಿಗಳನ್ನೇ ತುಂಬಿಕೊಂಡವು. ಮರ ಬೆಟ್ಟದಲ್ಲಿ ಉಳಿದಿದ್ದರಿಂದ ಭರಣಿ ತುಂಬಿತು ಎಂಬುದನ್ನು ಮರೆಯಬಾರದು.

ಅಕ್ಕಿ ಬಂದದ್ದು ಹೊರಗಿನಿಂದ

ಆದರೂ ಹಿತ್ತಲಿನ ಸ್ವಾವಲಂಬನೆಯನ್ನು ಹಿಗ್ಗಿಸಿ ಹೇಳುವುದು ಪ್ರಾಮಾಣಿಕವಾಗದು. ಬಟ್ಟಲಿನಲ್ಲಿ ಪದಾರ್ಥ ಹಿತ್ತಲಿನದಾದರೂ ಅನ್ನ ಬಹುಪಾಲು ಮನೆಗಳಲ್ಲಿ ಹೊರಗಿನದು. ಪ್ರಧಾನಮಂತ್ರಿ ಗರೀಬ್ ಕಲ್ಯಾಣ ಅನ್ನ ಯೋಜನೆಯಡಿ 2020ರ ಏಪ್ರಿಲ್‌ನಿಂದ ತಲೆಗೆ ತಿಂಗಳಿಗೆ 5 ಕಿಲೋ ಹೆಚ್ಚುವರಿ ಧಾನ್ಯ, ಕುಟುಂಬಕ್ಕೆ 1 ಕಿಲೋ ಬೇಳೆ ಉಚಿತವಾಗಿ ಘೋಷಣೆಯಾಯಿತು. ಈ ಅಕ್ಕಿ ಇಲ್ಲದಿದ್ದರೆ ಬೆಟ್ಟದ ಅನೇಕ ಒಲೆಗಳು ಏಪ್ರಿಲ್‌ನಲ್ಲೇ ಆರುತ್ತಿದ್ದವು. ನಾಲ್ಕೈದು ತಿಂಗಳು ಮಳೆ ಸುರಿಯುವ ನಾಡು, ಕಣಿವೆ ಕಣಿವೆಯಲ್ಲೂ ಗದ್ದೆಯಿದ್ದ ನಾಡು ಅಕ್ಕಿಗಾಗಿ ಬಯಲುಸೀಮೆಯ ಗೋದಾಮಿನ ಕಡೆ ನೋಡಿತು. ಕಾರಣ ಗುಟ್ಟಿನದಲ್ಲ. ಗದ್ದೆಗಳು ಕಳೆದ ಕೆಲವು ದಶಕಗಳಲ್ಲಿ ಅಡಿಕೆ ತೋಟಗಳಾಗಿವೆ. ಉಳಿದ ಗದ್ದೆಗಳಲ್ಲಿ ಎಷ್ಟೋ ಪಾಳು ಬಿದ್ದಿವೆ, ಇನ್ನು ಕೆಲವು ಶುಂಠಿಗೆ ಗುತ್ತಿಗೆ ಹೋಗಿವೆ.

ಉಪ್ಪು, ಎಣ್ಣೆ, ಸಕ್ಕರೆ, ಚಹಾಪುಡಿ, ಈರುಳ್ಳಿ, ಒಣಮೆಣಸು ಕೂಡ ಹೊರಗಿನವೇ. ಗ್ರಾಮದ ಸಹಕಾರಿ ಸಂಘದ ಅಂಗಡಿ ಬೆಳಗಿನ ಕೆಲವು ಗಂಟೆ ತೆರೆದಿದ್ದ ಊರಿನಲ್ಲಿ ತೊಂದರೆ ಕಡಿಮೆ. ಅಂಥ ಅಂಗಡಿ ಇಲ್ಲದ ಒಂಟಿಮನೆಗಳಲ್ಲಿ ಒಂದು ಪೊಟ್ಟಣ ಉಪ್ಪಿಗಾಗಿ ಮೈಲುಗಟ್ಟಲೆ ನಡೆಯುವ ಪರಿಸ್ಥಿತಿ. ಸ್ವಾವಲಂಬನೆ ಒಂದೇ ಮನೆಯಿಂದ ಸಾಧ್ಯವಾಗದು. ಊರು ಸೇರಿದರೆ ಮಾತ್ರ ಅದಕ್ಕೆ ಅರ್ಥ. ಒಂದು ಮನೆಯ ಮೊಗೆಕಾಯಿ ಇನ್ನೊಂದು ಮನೆಯ ಮಜ್ಜಿಗೆಗೆ, ಒಬ್ಬರ ಗೆಡ್ಡೆ ಮತ್ತೊಬ್ಬರ ಬೆಲ್ಲಕ್ಕೆ ಬದಲಾದ ಊರುಗಳು ಆ ದಿನಗಳನ್ನು ಹಗುರವಾಗಿ ದಾಟಿದವು.

ಹಿತ್ತಲಿಲ್ಲದ ಮನೆಗಳು

ಇಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಹಿತ್ತಲು ಎಲ್ಲರಿಗೂ ಇದೆಯೇ? ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಲೈನ್‌ಮನೆಯಲ್ಲಿ ಒಂದು ಕೋಣೆ, ಒಂದು ಜಗಲಿ. ಕೂಲಿಕಾರರ ಕಾಲೊನಿಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ಬಯಲುಸೀಮೆಯಿಂದ ಶುಂಠಿ ಕೆಲಸಕ್ಕೆ ಬಂದವರಿಗೆ ಗದ್ದೆಯ ಬದಿಯ ತಾಡಪಾಲೇ ಸೂರು. ಮನೆಯಲ್ಲೇ ಇರಿ ಎಂಬ ಆಜ್ಞೆ ಇವರ ಪಾಲಿಗೆ ಕೂಲಿಯಿಲ್ಲದೆ ಇರಿ ಎಂಬ ಆಜ್ಞೆಯೂ ಆಗಿತ್ತು. ತಿನ್ನುವುದಕ್ಕೆ ಕೈ ಚಾಚಲು ಅವರಿಗೆ ಒಂದು ನುಗ್ಗೆಮರವೂ ಇರಲಿಲ್ಲ. ಉದ್ಯೋಗ ಖಾತ್ರಿ ಕೆಲಸಗಳು ಏಪ್ರಿಲ್ ಕೊನೆಯ ವೇಳೆಗೆ ಮೆಲ್ಲಗೆ ಆರಂಭವಾದಾಗ ರಾಜ್ಯದಲ್ಲಿ ದಿನಕ್ಕೆ 275 ರೂಪಾಯಿ ಕೂಲಿ ನಿಗದಿಯಾಗಿತ್ತು. ಅನೇಕ ಕುಟುಂಬಗಳ ಕೈಗೆ ಆ ಬೇಸಿಗೆಯಲ್ಲಿ ಬಂದ ಮೊದಲ ನಗದು ಅದು.

ಅರಣ್ಯ ಭೂಮಿಯಲ್ಲಿ ತಲೆಮಾರುಗಳಿಂದ ಬದುಕುತ್ತಿರುವವರ ಸ್ಥಿತಿ ಇನ್ನೂ ವಿಚಿತ್ರ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅವರು ಸಲ್ಲಿಸಿದ ಅರ್ಜಿಗಳು ವರ್ಷಗಟ್ಟಲೆ ಕಚೇರಿಗಳಲ್ಲಿ ಸುತ್ತಿದವು. ತಿರಸ್ಕೃತ ಅರ್ಜಿದಾರರನ್ನು ತೆರವುಗೊಳಿಸುವಂತೆ ಸರ್ವೋಚ್ಚ ನ್ಯಾಯಾಲಯ 2019ರ ಫೆಬ್ರವರಿ 13ರಂದು ಆದೇಶಿಸಿ, ಅದೇ ತಿಂಗಳ 28ರಂದು ಆ ಆದೇಶವನ್ನು ತಡೆಹಿಡಿಯಿತು. ಒಂದು ವರ್ಷ ಮೊದಲು ಮನೆ ಬಿಡಿ ಎಂಬ ಮಾತು ಕೇಳಿದ್ದ ಜನರಿಗೆ 2020ರಲ್ಲಿ ಮನೆ ಬಿಡಬೇಡಿ ಎಂಬ ಮಾತು ಕೇಳಿಸಿತು. ಹಕ್ಕುಪತ್ರವಿಲ್ಲದ ನೆಲದಲ್ಲಿ ಹಲಸಿನ ಸಸಿ ನೆಡಲು ಯಾರಿಗಾದರೂ ಧೈರ್ಯ ಬರುವುದೇ? ಅದು ಫಲ ಕೊಡುವ ಹೊತ್ತಿಗೆ ತಾವು ಅಲ್ಲಿರುತ್ತೇವೆಯೇ ಎಂಬ ಅನುಮಾನವಿದ್ದರೆ ಮರ ಬೇರು ಬಿಡುವುದಿಲ್ಲ. ಹಿತ್ತಲಿನ ಪ್ರಶ್ನೆ ಕೊನೆಗೆ ನೆಲದ ಪ್ರಶ್ನೆಯೇ ಆಗಿದೆ.

ಒಲೆಯ ಮುಂದಿನ ದುಡಿಮೆ

ಮಾರ್ಚ್ ಕೊನೆಯ ವಾರದಲ್ಲಿ ಬೆಂಗಳೂರು, ಪುಣೆ, ಮುಂಬಯಿಗಳಿಂದ ಮಕ್ಕಳು ಮರಳಿದರು. ಇಬ್ಬರೇ ವೃದ್ಧರಿದ್ದ ಮನೆಗಳಲ್ಲಿ ಎಂಟು-ಹತ್ತು ಎಲೆ ಬೀಳತೊಡಗಿದವು. ಜಗಲಿಯಲ್ಲಿ ಇಸ್ಪೀಟು, ಮಾರ್ಚ್ 28ರಿಂದ ದೂರದರ್ಶನದಲ್ಲಿ ಮತ್ತೆ ಆರಂಭವಾದ ರಾಮಾಯಣ ಧಾರಾವಾಹಿ, ಏಪ್ರಿಲ್ 5ರ ರಾತ್ರಿ 9 ಗಂಟೆಗೆ ಒಂಬತ್ತು ನಿಮಿಷದ ದೀಪ. ಬಹಳ ಕಾಲದ ನಂತರ ಮನೆ ತುಂಬಿತೆಂದು ಹಿರಿಯರು ಸಂತೋಷಪಟ್ಟದ್ದು ಸಹಜ. ಆದರೆ ತುಂಬಿದ ಮನೆಗೆ ದಿನಕ್ಕೆ ಎರಡು ತಿಂಡಿ, ಎರಡು ಊಟ, ನಾಲ್ಕು ಸಲ ಚಹಾ ಬೇಕು. ಅಬ್ಬಿ ನೀರು ಬತ್ತುವ ತಿಂಗಳುಗಳಲ್ಲಿ ಬಟ್ಟೆ-ಪಾತ್ರೆಗೆ ಎರಡು ಪಟ್ಟು ನೀರು ಬೇಕು. ಹಲಸಿನ ತೊಳೆ ಬಿಡಿಸುವುದು, ಹಪ್ಪಳ ಒತ್ತುವುದು, ಸೊಪ್ಪು ಕೊಯ್ದು ಸೋಸುವುದು, ಕರು ಕಟ್ಟಿ ಹಾಲು ಕರೆಯುವುದು ಯಾವ ಯಂತ್ರದಿಂದಲೂ ಆಗುವ ಕೆಲಸವಲ್ಲ. ಹಿತ್ತಲಿನ ಊಟ ದುಡ್ಡಿಲ್ಲದೆ ಬಂದಿತೆಂದು ಹೇಳುವವರು ಅದಕ್ಕೆ ವ್ಯಯವಾದ ಗಂಟೆಗಳನ್ನು ಎಣಿಸಿಲ್ಲ.

ಎಣಿಕೆ ಬೇರೆಡೆ ನಡೆದಿದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಕುಟುಂಬದವರಿಗಾಗಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆ ದಿನಕ್ಕೆ ಸರಾಸರಿ 299 ನಿಮಿಷ, ಪುರುಷ 97 ನಿಮಿಷ ವ್ಯಯಿಸುತ್ತಿದ್ದರು. ಆ ವರದಿ ಪ್ರಕಟವಾದದ್ದು 2020ರ ಸೆಪ್ಟೆಂಬರ್‌ನಲ್ಲಿ. ಇಡೀ ದೇಶದ ಗಂಡಸರು ಎರಡು ತಿಂಗಳು ಮನೆಯಲ್ಲಿ ಕುಳಿತ ನಂತರವಾದರೂ ಈ ಅಂತರ ಕಿರಿದಾಗಿರಬೇಕೆಂದು ಯಾರಾದರೂ ನಿರೀಕ್ಷಿಸಬಹುದು. 2024ರ ಸಮೀಕ್ಷೆಯಲ್ಲಿ ಮಹಿಳೆಯರದು 289 ನಿಮಿಷ, ಪುರುಷರದು 88 ನಿಮಿಷ. ಗಂಡಸರ ಪಾಲು ಹೆಚ್ಚಲಿಲ್ಲ, ಇಳಿಯಿತು. ಒಲೆಯನ್ನು ಅಷ್ಟು ಹತ್ತಿರದಿಂದ ಕಂಡೂ ಅದರಿಂದ ಕಲಿತದ್ದು ಏನೂ ಇಲ್ಲವೆಂದೇ ಈ ಅಂಕಿಗಳ ಅರ್ಥ.

ಮನೆಯೊಳಗಿನ ಕತ್ತಲೆಯೂ ಆ ದಿನಗಳಲ್ಲಿ ಹೊರಬಂದಿತು. ದೌರ್ಜನ್ಯದ ದೂರುಗಳು ಹೆಚ್ಚಿದ ಕಾರಣ ರಾಷ್ಟ್ರೀಯ ಮಹಿಳಾ ಆಯೋಗ 2020ರ ಏಪ್ರಿಲ್‌ನಲ್ಲಿ ಪ್ರತ್ಯೇಕ ವಾಟ್ಸಾಪ್ ಸಂಖ್ಯೆಯನ್ನೇ ತೆರೆಯಬೇಕಾಯಿತು. ರಾಜ್ಯದಲ್ಲಿ ಮೇ 4ರವರೆಗೆ ಮದ್ಯದಂಗಡಿಗಳು ಮುಚ್ಚಿದ್ದವು. ಕೂಲಿ ಕುಟುಂಬಗಳ ಹೆಂಗಸರಿಗೆ ಆ ನಲವತ್ತು ದಿನಗಳು ಕೂಲಿಯಿಲ್ಲದ ಕಷ್ಟದ ನಡುವೆಯೂ ಒಂದು ಬಗೆಯ ಬಿಡುವು. ಅಂಗಡಿ ತೆರೆದ ದಿನ ರಾಜ್ಯದ ಹಲವೆಡೆ ಉದ್ದುದ್ದ ಸಾಲು ನಿಂತದ್ದನ್ನೂ ಅದೇ ಹೆಂಗಸರು ನೋಡಿದರು. ಮನೆಯ ನೆಮ್ಮದಿಯ ಪ್ರಶ್ನೆ ಬಂದಾಗ ಅವರ ಮಾತನ್ನು ಯಾರೂ ಕೇಳಿರಲಿಲ್ಲ.

ಎರಡು ಜ್ವರಗಳ ನಡುವೆ

ಮಲೆನಾಡಿನ ಮಟ್ಟಿಗೆ ಆ ಬೇಸಿಗೆಯ ಭಯ ಒಂದೇ ಆಗಿರಲಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು ಹರಡುತ್ತದೆ. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಅದು ಹಲವರನ್ನು ಬಲಿ ಪಡೆದ ನೆನಪು ಹಸಿಯಾಗಿಯೇ ಇತ್ತು. 2020ರ ಬೇಸಿಗೆಯಲ್ಲೂ ಶಿವಮೊಗ್ಗ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಅದು ಕಾಣಿಸಿಕೊಂಡಿತು. ಜ್ವರ ಬಂದವರಿಗೆ ಇದು ಕೊರೋನಾವೋ ಮಂಗನ ಕಾಯಿಲೆಯೋ ಎಂಬ ಆತಂಕ. ಆಸ್ಪತ್ರೆಗೆ ಹೋಗಲು ವಾಹನವಿಲ್ಲ, ಹೋದರೆ ಊರಿನವರ ಅನುಮಾನದ ನೋಟ.

ಒಂದು ರೋಗ ಮನೆಯಲ್ಲೇ ಇರಿ ಎನ್ನುತ್ತಿತ್ತು, ಇನ್ನೊಂದು ಬೆಟ್ಟಕ್ಕೆ ಹೋಗಬೇಡಿ ಎನ್ನುತ್ತಿತ್ತು. ಆದರೆ ಮಳೆ ಹಿಡಿಯುವ ಮುನ್ನ ದರಕು ತರದಿದ್ದರೆ ಹಟ್ಟಿಗೆ ಹಾಸಲು ಏನೂ ಇರುವುದಿಲ್ಲ. ಉಣುಗು ಇರುವುದು ಅದೇ ಒಣಎಲೆಗಳ ನಡುವೆ. ಡಿ.ಎಂ.ಪಿ. ತೈಲ ಹಚ್ಚಿಕೊಂಡು ಬೆಟ್ಟಕ್ಕೆ ಹೋದವರಲ್ಲಿ ಹೆಚ್ಚಿನವರು ಕೂಲಿಕಾರರು ಮತ್ತು ಹೆಂಗಸರು. ಕಾಡನ್ನು ತುಂಡು ತುಂಡಾಗಿಸಿ, ಮನುಷ್ಯ-ಮಂಗ-ಉಣುಗುಗಳನ್ನು ಒಂದೇ ಅಂಚಿನಲ್ಲಿ ತಂದು ನಿಲ್ಲಿಸಿದ ಅಭಿವೃದ್ಧಿಯ ಬೆಲೆಯನ್ನು ತೆರುವವರು ಯಾರೆಂಬುದು ಇದರಿಂದ ಸ್ಪಷ್ಟ. ಮನೆಯ ಆರೋಗ್ಯ ಬೆಟ್ಟದ ಆರೋಗ್ಯದಿಂದ ಬೇರೆಯಲ್ಲ.

ಮನೆಯೊಳಗೆ ಜನ, ಹೊರಗೆ ತೀರ್ಮಾನ

ಮನೆಯ ಬಾಗಿಲು ಮುಚ್ಚಿದ್ದ ಆ ದಿನಗಳಲ್ಲಿ ಬೆಟ್ಟದ ಭವಿಷ್ಯದ ಕಡತಗಳು ಮಾತ್ರ ನಿಲ್ಲಲಿಲ್ಲ. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗಕ್ಕೆ ಸುಮಾರು 595 ಹೆಕ್ಟೇರ್ ಅರಣ್ಯ ಬೇಕಿತ್ತು. ಜನತಾ ಕರ್ಫ್ಯೂಗೆ ಎರಡೇ ದಿನ ಮೊದಲು, 2020ರ ಮಾರ್ಚ್ 20ರಂದು, ರಾಜ್ಯ ವನ್ಯಜೀವಿ ಮಂಡಳಿ ಅದಕ್ಕೆ ಒಪ್ಪಿಗೆ ನೀಡಿತು. ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಏಪ್ರಿಲ್ 7ರಂದು ವಿಡಿಯೊ ಮೂಲಕವೇ ಸಭೆ ನಡೆಸಿ ಹಲವು ಯೋಜನೆಗಳನ್ನು ಪರಿಶೀಲಿಸಿತು. ಪರಿಸರ ಪರಿಣಾಮ ಅಂದಾಜಿನ ನಿಯಮಗಳನ್ನು ಸಡಿಲಿಸುವ ಕರಡು ಅಧಿಸೂಚನೆ ಏಪ್ರಿಲ್ 11ರಂದು ರಾಜಪತ್ರದಲ್ಲಿ ಪ್ರಕಟವಾಯಿತು. ಆಕ್ಷೇಪಣೆಗೆ 60 ದಿನಗಳ ಅವಕಾಶ. ಕರಡು ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಅಂಚೆ ನಿಧಾನ, ಗ್ರಾಮಸಭೆ ಇಲ್ಲ, ಮೊಬೈಲ್ ಸಿಗ್ನಲ್ ಗುಡ್ಡದ ತುದಿಯಲ್ಲಿ ಮಾತ್ರ. ಕಳಸೆ-ಸಾಲ್ಕಣಿಯಲ್ಲಿ 1983ರ ಸೆಪ್ಟೆಂಬರ್ 8ರಂದು ಮರವನ್ನು ಅಪ್ಪಿ ನಿಂತ ಜನರ ಜಿಲ್ಲೆಯಲ್ಲೇ, ಮರದ ಪರವಾಗಿ ಒಂದು ಪತ್ರ ಬರೆಯುವುದೂ ಆಗ ಕಷ್ಟವಾಯಿತು. ದೆಹಲಿ ಉಚ್ಚ ನ್ಯಾಯಾಲಯ ಜೂನ್ 30ರಂದು ಅವಧಿಯನ್ನು ಆಗಸ್ಟ್ 11ರವರೆಗೆ ವಿಸ್ತರಿಸಿ, ಎಂಟನೇ ಪರಿಚ್ಛೇದದ ಭಾಷೆಗಳಿಗೆಲ್ಲ ಕರಡನ್ನು ಅನುವಾದಿಸಲು ಸೂಚಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯವೂ ಆಗಸ್ಟ್ 5ರಂದು ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆಯಿತು. ಜನ ಮನೆಯೊಳಗಿದ್ದಾಗ ಅವರ ಮನೆಯ ಹಿಂದಿನ ಬೆಟ್ಟದ ಕುರಿತು ಅವರನ್ನು ಕೇಳದೆ ತೀರ್ಮಾನಿಸಬಾರದೆಂಬ ಸರಳ ತತ್ವಕ್ಕೂ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ವಿದ್ಯಾರ್ಥಿಗಳ ಪಾಡೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಮಾರ್ಚ್ 27ರಂದು ಆರಂಭವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆದದ್ದು ಜೂನ್ 25ರಿಂದ. ಮೂರು ತಿಂಗಳು ಅದೇ ಪುಸ್ತಕವನ್ನು ಎದುರಿಗಿಟ್ಟುಕೊಂಡ ಮಕ್ಕಳು ತಮ್ಮ ಮನೆಯ ಹಿಂದಿನ ಹತ್ತು ಗಿಡಗಳ ಹೆಸರನ್ನು ಅಜ್ಜಿಯಿಂದ ಕೇಳಿ ತಿಳಿದಿದ್ದರೆ ಅದೂ ಪಾಠವೇ. ಆದರೆ ಆ ಪಾಠಕ್ಕೆ ಅಂಕವಿಲ್ಲ.

ಬೆಲೆ ಏರಿದ ಮೇಲೆ

ನಿರ್ಬಂಧ ಸಡಿಲವಾಗುತ್ತ ಬಂದಂತೆ ಮಂಡಿಗಳು ತೆರೆದವು. ಗಡಿಗಳು ಮುಚ್ಚಿ ಹೊರದೇಶದ ಅಡಿಕೆಯ ಒಳಹರಿವು ತಗ್ಗಿದ್ದೂ ಒಂದು ಕಾರಣವಾಗಿ ಬೆಲೆ ಏರತೊಡಗಿತು. 2021ರಲ್ಲಿ ಹಳೆಯ ಚಾಲಿ ಕಿಲೋಗೆ 500 ರೂಪಾಯಿ ದಾಟಿತು. ಆ ಹಣ ಯಾವ ಕಡೆ ಹರಿಯಿತು ಎಂಬುದು ರಸ್ತೆಯ ಇಕ್ಕೆಲಗಳಲ್ಲಿ ಕಾಣುತ್ತದೆ. ಉಳಿದಿದ್ದ ಗದ್ದೆಗಳಲ್ಲಿ ಅಡಿಕೆ ಸಸಿ, ಹಿತ್ತಲಿನ ಹಳೆಯ ಹಲಸು ಉರುಳಿದ ಜಾಗದಲ್ಲಿ ಅಡಿಕೆ ಸಸಿ, ಬೆಟ್ಟದ ಅಂಚನ್ನು ಜೆಸಿಬಿ ಕೊರೆದಲ್ಲೂ ಅಡಿಕೆ ಸಸಿ. ಸಂಕಟದ ದಿನಗಳಲ್ಲಿ ಉಣಿಸಿದ ನೆಲವನ್ನೇ, ಸಂಕಟ ಕಳೆದೊಡನೆ, ಉಣ್ಣಲಾಗದ ಬೆಳೆಗೆ ಒಪ್ಪಿಸಲಾಯಿತು. ಹಸುಗಳು ಹೋದವು, ಅವುಗಳ ಹಿಂದೆ ಗೋಬರ್ ಗ್ಯಾಸೂ ಹೋಯಿತು. ಮರಳಿದ್ದ ಮಕ್ಕಳಲ್ಲಿ ಬಹುಪಾಲು ಪಟ್ಟಣಕ್ಕೆ ಹೋದರು.

ಅಡಿಕೆ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು. ಈ ನಡುವೆಯೇ ಎಲೆಚುಕ್ಕಿ ರೋಗ ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ, ಹೊಸನಗರ ಮೊದಲಾದ ಭಾಗಗಳ ತೋಟಗಳನ್ನು ಹಬ್ಬಿತು. ಒಂದೇ ಬೆಳೆಯ ಸಾಲು ಕಣಿವೆಯಿಂದ ಕಣಿವೆಗೆ ಕಡಿಯದೆ ಹೋದಾಗ ಶಿಲೀಂಧ್ರಕ್ಕೂ ದಾರಿ ಕಡಿಯುವುದಿಲ್ಲ. ಬೆಲೆ ಬೀಳುವ ಒಂದು ವರ್ಷ, ರೋಗ ಹೆಚ್ಚುವ ಒಂದು ಮಳೆಗಾಲ, ರಸ್ತೆ ಮುಚ್ಚುವ ಇನ್ನೊಂದು ಬೇಸಿಗೆ ಒಟ್ಟಿಗೇ ಬಂದರೆ ಬೆಟ್ಟದ ಮನೆಗೆ ಈಗ ಹಿಂಬಾಗಿಲು ಉಳಿದಿದೆಯೇ?

ಹಿತ್ತಲಿನಿಂದ ಮಕ್ಕಳ ಶಾಲೆಯ ಶುಲ್ಕ ಕಟ್ಟಲಾಗದು, ಆಸ್ಪತ್ರೆಯ ಬಿಲ್ಲು ತೀರದು ಎಂಬ ಆಕ್ಷೇಪ ನ್ಯಾಯವಾದದ್ದು. ಅಡಿಕೆ ಮಲೆನಾಡಿಗೆ ಮಾನದ ಬದುಕನ್ನು ಕೊಟ್ಟಿದೆ. ಅದನ್ನು ಹಳಿಯುವುದು ಕೃತಘ್ನತೆ. ಪ್ರಶ್ನೆ ತೋಟ ಬೇಕೇ ಬೇಡವೇ ಎಂಬುದಲ್ಲ, ತೋಟ ಎಲ್ಲಿ ನಿಲ್ಲಬೇಕು ಎಂಬುದು. ನಗದಿಗೆ ತೋಟ, ಅನ್ನಕ್ಕೆ ಗದ್ದೆ, ಪದಾರ್ಥಕ್ಕೆ ಹಿತ್ತಲು, ಗೊಬ್ಬರಕ್ಕೆ ಬೆಟ್ಟ ಎಂಬ ಪಾಲುವಾರಿ ಹಿರಿಯರು ಕವಿತ್ವಕ್ಕಾಗಿ ಮಾಡಿದ್ದಲ್ಲ. ಒಂದು ಸೋತರೆ ಇನ್ನೊಂದು ಹಿಡಿಯಬೇಕೆಂಬ ಲೆಕ್ಕಾಚಾರ ಅದರಲ್ಲಿತ್ತು. ನಾಲ್ಕನ್ನೂ ಒಂದೇ ಬೆಳೆಗೆ ಒತ್ತೆಯಿಟ್ಟರೆ ಆ ಲೆಕ್ಕ ತಪ್ಪುತ್ತದೆ.

ಮಾಡಬೇಕಾದದ್ದು

ಮೊದಲನೆಯದು ಲೆಕ್ಕ. ಪ್ರತಿ ಮನೆಯೂ ಒಂದು ವರ್ಷ ಹಿತ್ತಲಿನಿಂದ ಹಾಗೂ ಬೆಟ್ಟದಿಂದ ಏನೇನು ಬಂದಿತು, ಯಾರು ತಂದರು, ಎಷ್ಟು ಹೊತ್ತು ಹಿಡಿಯಿತು ಎಂದು ಒಂದು ನೋಟುಪುಸ್ತಕದಲ್ಲಿ ಬರೆದಿಡಬೇಕು. ಪ್ರೌಢಶಾಲೆ, ಕಾಲೇಜುಗಳ ವಿದ್ಯಾರ್ಥಿಗಳು ಈ ಕೆಲಸವನ್ನು ತಮ್ಮದಾಗಿಸಿಕೊಳ್ಳಬಹುದು. ಹತ್ತು ಮನೆಗಳ ಪಟ್ಟಿ ಸೇರಿದರೆ ಗ್ರಾಮಸಭೆಯ ಮುಂದಿಡಲು ಒಂದು ದಾಖಲೆಯಾಗುತ್ತದೆ. ಅಂಕಿಯಿಲ್ಲದ ಮಾತಿಗೆ ಕಚೇರಿಯಲ್ಲಿ ಬೆಲೆಯಿಲ್ಲ.

ಎರಡನೆಯದು ಬೀಜ. ಶಿರಸಿಯ ‘ವನಸ್ತ್ರೀ’ ಬಳಗ 2001ರಿಂದ ಹಿತ್ತಲಿನ ಬೀಜಗಳನ್ನು ಹೆಂಗಸರ ಕೈಯಿಂದ ಕೈಗೆ ದಾಟಿಸುತ್ತ ಬಂದದ್ದು ಮಾದರಿ. ಬೀಜ ಉಳಿಯಲು ದೊಡ್ಡ ಶೀತಲಗೃಹ ಬೇಕಿಲ್ಲ. ಪ್ರತಿ ವರ್ಷ ಬಿತ್ತುವ ಹತ್ತು ಮನೆಗಳು ಸಾಕು. ಮೂರನೆಯದು ನೆಲ. ಹಿತ್ತಲಿಲ್ಲದ ಕುಟುಂಬಗಳಿಗೆ ಶಾಲೆಯ ಆವರಣ, ಕಾಲೊನಿಯ ಪಕ್ಕದ ಖಾಲಿ ಜಾಗ, ಕೆರೆಯ ಕೆಳಗಿನ ತೇವದ ಪಟ್ಟೆಗಳಲ್ಲಿ ಸಾಮುದಾಯಿಕ ತರಕಾರಿ ತೋಟಕ್ಕೆ ಅವಕಾಶ ನೀಡುವ ನಿರ್ಣಯವನ್ನು ಪಂಚಾಯಿತಿಗಳು ತಮ್ಮ ಕ್ರಿಯಾಯೋಜನೆಯಲ್ಲಿ ಸೇರಿಸಬೇಕು. ತೋಟದ ಮಾಲೀಕರು ಲೈನ್‌ಮನೆಗಳ ಹಿಂದೆ ನಾಲ್ಕು ಮಾರು ನೆಲ ಬಿಟ್ಟರೆ ಅವರಿಗೆ ನಷ್ಟವಿಲ್ಲ. ನಾಲ್ಕನೆಯದು ಬೆಟ್ಟ. ಸೊಪ್ಪಿನಬೆಟ್ಟ ಸೊಪ್ಪಿಗಾಗಿ ಇರುವ ಸವಲತ್ತು. ಅದನ್ನು ತೋಟವಾಗಿಸುವವರು ಮೊದಲು ತಮ್ಮದೇ ತೋಟದ ಗೊಬ್ಬರದ ಮೂಲವನ್ನು ಕಡಿಯುತ್ತಿದ್ದಾರೆ.

ಐದನೆಯದಕ್ಕೆ ಸರ್ಕಾರದ ಆದೇಶ ಬೇಕಿಲ್ಲ. ಹಿತ್ತಲನ್ನು ಉಳಿಸಬೇಕೆಂದು ಜಗಲಿಯಲ್ಲಿ ಕುಳಿತು ಹೇಳುವ ಗಂಡಸರು ಎದ್ದು ಬಸಳೆಗೆ ನೀರು ಹಾಕಬೇಕು, ಹಲಸು ಬಿಡಿಸಬೇಕು, ಪಾತ್ರೆ ತೊಳೆಯಬೇಕು. ಹೆಂಗಸರ ಬೆನ್ನಿನ ಮೇಲೆ ಮಾತ್ರ ನಿಂತ ಹಿತ್ತಲು ಅವರ ಬೆನ್ನು ಬಾಗಿದ ದಿನವೇ ಪಾಳು ಬೀಳುತ್ತದೆ. ಮುಂದಿನ ತಲೆಮಾರಿನ ಹೆಣ್ಣುಮಕ್ಕಳು ಆ ಭಾರವನ್ನು ಒಬ್ಬರೇ ಹೊರಲು ಒಪ್ಪುವುದಿಲ್ಲ, ಒಪ್ಪಲೂಬಾರದು.

ಮುಂಗಾರಿನ ಮೊದಲ ಮಳೆಗೆ ನೆಲ ಹದವಾಗುತ್ತದೆ. ಕೆಸು, ಶುಂಠಿ, ಅರಿಶಿನ, ಗೆಡ್ಡೆಗೆಣಸು ಊರಲು, ಅವರೆ-ಸೋರೆ-ಹೀರೆಯ ಬೀಜ ಹಾಕಲು ಅದು ಸಕಾಲ. ಹಿತ್ತಲಿನಲ್ಲಿ ಅಡಿಕೆ ಸಸಿಗಾಗಿ ಗುಂಡಿ ತೆಗೆಯಲು ಹೊರಟವರು ಹಾರೆ ಎತ್ತುವ ಮುನ್ನ ಒಮ್ಮೆ ಅಡುಗೆಮನೆಗೆ ಹೋಗಿ, ಆ ಜಾಗದಿಂದ 2020ರಲ್ಲಿ ಏನೇನು ಬಂದಿತ್ತೆಂದು ಕೇಳಿ ಬರುವುದು ಒಳ್ಳೆಯದು.